ದೊಡ್ಡವ್ವನ ಮೊದಲ ನೋಟ

ನಂದಿಬಟ್ಟಲು ಹೂವಿಗೆ ವಾಸನೆಯೇ ಇಲ್ಲ ಎನ್ನುತ್ತಾರೆ. ಮೂಗಿಲ್ಲದವರ ಮಾತು ಅದು. ಸಂಜೆ ನೀರಿನಲ್ಲಿ ಹಾಕಿಟ್ಟು, ಮುಂಜಾನೆ ಮುಚ್ಚಳ ತೆಗೆದು ನೋಡಬೇಕು. ಹಸಿ ಹಾಲಿನಂಥ, ತುಸು ಒಗರಾದ ವಾಸನೆ ಏಳುತ್ತದೆ. ಹೋದ ವಾರ ಹಾವೇರಿಯಲ್ಲಿ ಮಗಳ ಮನೆಯಲ್ಲಿದ್ದಾಗ ಪಕ್ಕದ ಮನೆಯವರು ಪೂಜೆಗೆಂದು ಒಂದು ಬುಟ್ಟಿ ಹೂ ಕೊಟ್ಟು ಹೋದರು. ಬಾಡಬಾರದೆಂದು ನೀರಿನಲ್ಲಿ ಹಾಕಿ ಮುಚ್ಚಿಟ್ಟಿದ್ದೆ. ಮರುದಿನ ಮುಚ್ಚಳ ತೆಗೆದೆ, ಅಷ್ಟೇ... ಅಲ್ಲೇ ಗೋಡೆಗೆ ಒರಗಿ ಕುಳಿತುಬಿಟ್ಟೆ. "ಯಾಕಬೇ, ತಲಿ ತಿರಗತೇನು?" ಎಂದು ಮಗಳು ಓಡಿಬಂದಳು. ತಲೆ ತಿರುಗಿರಲಿಲ್ಲ. ಹಾನಗಲ್ಲಿನ ನಮ್ಮ ಓಣಿ, ಓಣಿಯ ಕಟ್ಟೆ, ಆ ಕಟ್ಟೆಯ ಮೇಲೆ ಎರಡೂ ಕಣ್ಣಿಗೆ ಈ ಹೂಗಳನ್ನು ಇಟ್ಟುಕೊಂಡು ಅಂಗಾತ ಮಲಗಿದ ಒಬ್ಬ ಹೆಂಗಸು ಕಣ್ಣ ಮುಂದೆ ಬಂದಿದ್ದಳು.

ಅವಳು ನನಗೆ ರಕ್ತಸಂಬಂಧಿಯಲ್ಲ. ಇಡೀ ಓಣಿ ಅವಳನ್ನು ದೊಡ್ಡವ್ವ ಎನ್ನುತ್ತಿತ್ತು, ನಾನೂ ಅಂದೆ. ನಾನು ಹಂಸಭಾವಿಯ ಹುಡುಗಿ. ದೊಡ್ಡ ಯುದ್ಧ ಶುರುವಾದ ಹೊಸತರಲ್ಲಿ ಹಾನಗಲ್ಲಿಗೆ ಸೊಸೆಯಾಗಿ ಬಂದೆ. ನಮ್ಮ ಮನೆಯವರದು ಪೇಟೆಯಲ್ಲಿ ಕಿರಾಣಿ ಅಂಗಡಿ. ಮನೆಯಲ್ಲಿ ಅತ್ತೆ ಇದ್ದರು. ಅತ್ತೆಯ ಬಗ್ಗೆ ಕೆಟ್ಟದ್ದು ಹೇಳಬಾರದು, ಸತ್ತು ಶಿವನ ಪಾದ ಸೇರಿದ್ದಾರೆ. ಒಳ್ಳೆಯದನ್ನು ಹೇಳಲು ಹೊರಟರೆ ಬಹಳ ಹೊತ್ತು ಯೋಚಿಸಬೇಕಾಗುತ್ತದೆ. ಅವರ ಬಾಯಿಗೆ ಹೆದರಿ ನಾನು ಹಿತ್ತಲಿಗೆ ಓಡಿದಾಗೆಲ್ಲ ನಡುಗೋಡೆಯ ಆಚೆಯಿಂದ ಒಂದು ದನಿ ಕೇಳುತ್ತಿತ್ತು: "ಅಳಾಕ ಬಂದಿಯೇನ ಯವ್ವಾ? ಬಾ, ಕುಂತು ಅಳಬಾ. ನಿಂತು ಅತ್ರ ಕಾಲು ನೋಯತಾವು." ಹಾಗೆ ನಮ್ಮ ಗೆಳೆತನ ಬೆಳೆಯಿತು. ಅವಳಿಗೆ ಐವತ್ತು ದಾಟಿತ್ತು, ನನಗೆ ಹದಿನಾರು.

ದೊಡ್ಡವ್ವನಿಗೆ ಗಂಡ ಇರಲಿಲ್ಲ, ಮಕ್ಕಳಾಗಿರಲಿಲ್ಲ. ಎರಡು ಅಂಕಣದ ಮನೆ ಮಾತ್ರ ಇತ್ತು. ಹಿರೇಕೆರೂರಿನಲ್ಲಿ ಮೈದುನನೊಬ್ಬ ಇದ್ದ. ಕೆಟ್ಟವನೇನಲ್ಲ, ವರ್ಷಕ್ಕೊಮ್ಮೆ ಬಂದು "ನಮ್ಮಲ್ಲೇ ಇರಬಾರವಾ ವೈನಿ" ಎಂದು ಕರೆದು ಹೋಗುತ್ತಿದ್ದ. ಅವಳು ಹೋಗುತ್ತಿರಲಿಲ್ಲ. ಕೌದಿ ಹೊಲಿದು ಬದುಕುತ್ತಿದ್ದಳು. ಹಳೆಯ ಸೀರೆ, ಧೋತರ, ಹರಿದ ಅಂಗಿ ಏನೇ ಕೊಡಿ, ತುಂಡು ಮಾಡಿ, ಒಂದರ ಮೇಲೊಂದು ಹಾಸಿ, ಅಂಚಿನಿಂದ ಒಳಗೆ ಒಳಗೆ ಸುತ್ತುತ್ತ ದಾರ ಎಳೆದಳೆಂದರೆ ಎರಡು ತಲೆಮಾರು ಹೊದೆಯಬೇಕು. ಬಾಣಂತಿಯರಿಗೆ ಅವಳ ಕೌದಿಯೇ ಆಗಬೇಕು. "ಮೈದುನನ ಮನ್ಯಾಗ ತುಪ್ಪ ಹಾಕ್ತಾರ, ಖರೆ. ಆದ್ರ ಹಂಗಿನ ತುಪ್ಪ ಗಂಟಲಾಗ ಇಳಿಯೂದಿಲ್ಲ" ಎನ್ನುತ್ತಿದ್ದಳು. ತನ್ನ ಮನೆಯಲ್ಲಿ, ತನ್ನ ಕೈಯ ದುಡಿಮೆಯಿಂದ, ತನ್ನ ಒಲೆಯ ಮುಂದೆ ಸಾಯಬೇಕು ಎಂಬುದೊಂದೇ ಅವಳ ಆಸೆ. ಅದಕ್ಕೆ ಬೇಕಾಗಿದ್ದದ್ದು ಕಣ್ಣು. ಕಣ್ಣೇ ಹೋಗತೊಡಗಿತ್ತು.

ನಾನು ಮದುವೆಯಾಗಿ ಬರುವ ಹೊತ್ತಿಗೇ ಅವಳಿಗೆ ಎಲ್ಲ ಹೊಗೆಯಾಗಿತ್ತು. ಮೋತಿಬಿಂದು, ಎರಡೂ ಕಣ್ಣಿಗೆ ಪೊರೆ. ಬೆಳಕು ಕತ್ತಲೆ ತಿಳಿಯುತ್ತಿತ್ತು, ಮನುಷ್ಯರು ನೆರಳಿನಂತೆ ಹಾಯ್ದುಹೋಗುತ್ತಿದ್ದರು, ಮುಖ ಯಾರದೂ ಕಾಣುತ್ತಿರಲಿಲ್ಲ. ಆದರೂ ಒಪ್ಪಿಕೊಳ್ಳುವವಳಲ್ಲ. ಚಿಮಣಿ ಎಣ್ಣೆಯಲ್ಲಿ ಯಾರೋ ನೀರು ಬೆರೆಸುತ್ತಾರೆ ಎನ್ನುವಳು, ಈಗಿನ ಸೂಜಿಗೆ ಕಣ್ಣೇ ಇಡುವುದಿಲ್ಲ ಎನ್ನುವಳು. ದಿನಾ ಮುಂಜಾನೆ ನಾನು ಹೋಗಿ ಒಂದಷ್ಟು ಸೂಜಿಗಳಿಗೆ ದಾರ ಪೋಣಿಸಿ ಗೋಡೆಯ ಮೇಲಿನ ಬಟ್ಟೆಗೆ ಸಾಲಾಗಿ ಚುಚ್ಚಿಟ್ಟು ಬರುತ್ತಿದ್ದೆ. ಮುಟ್ಟಿ ಮುಟ್ಟಿ ಹೊಲಿಯುತ್ತಿದ್ದಳು. ಹೊಲಿಗೆ ಸೊಟ್ಟಗಾಗುತ್ತಿತ್ತು, ಕೌದಿ ಒಯ್ಯುವವರು ಕಂಡರೂ ಸುಮ್ಮನಿರುತ್ತಿದ್ದರು. ಆಮೇಲೆ ಆಮೇಲೆ ಬಟ್ಟೆ ಕೊಡುವವರೇ ಕಡಿಮೆಯಾದರು.

ಹೊಲಿಗೆಗಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಪೂಜೆ. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ರೆಪ್ಪೆ ಬಡಿಯದೆ ನೋಡುತ್ತ ಕೂಡುವುದು ಪೂಜೆ. ಅದಾಗದೆ ಅವಳು ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಕಿಟಕಿಯ ಬಿಸಿಲಿಗೆ ಕುಳಿತು ಅಂಗೈಯನ್ನು ಮುಖದ ಹತ್ತಿರ, ಇನ್ನೂ ಹತ್ತಿರ, ಕೊನೆಗೆ ಮೂಗಿಗೇ ತಾಗುವಷ್ಟು ತರುತ್ತಿದ್ದಳು. ಕರಿಯ ಲಿಂಗ, ಅದರ ಮೇಲಿನ ಬಿಳಿ ವಿಭೂತಿ... ಏನೂ ಕಾಣುತ್ತಿರಲಿಲ್ಲ. ಓಣಿಗೆ ಬಂದ ಸ್ವಾಮಿಗಳೊಬ್ಬರು "ಒಳಗಣ್ಣಿಲೆ ನೋಡವಾ ತಾಯಿ" ಎಂದು ಸಮಾಧಾನ ಹೇಳಿದರು. ಅವರ ಬೆನ್ನು ತಿರುಗಿದ್ದೇ ತಡ, "ಒಳಗಣ್ಣು ಅವರಿಗೈತಿ, ಅದಕ್ಕ ಸ್ವಾಮಿಗೋಳಾಗ್ಯಾರ. ನಾ ಕೌದಿ ಹೊಲಿಯಾಕಿ, ನನಗ ಹೊರಗಣ್ಣ ಬೇಕು" ಎಂದು ನನ್ನ ಕಡೆ ತಿರುಗಿ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ.

ಔಷಧಿಗೇನು ಕೊರತೆ? ಕಣ್ಣು ನೋಯುತ್ತದೆ ಎಂದರೆ ಸಾಕು, ಊರಿನವರೆಲ್ಲ ವೈದ್ಯರೇ. ಜೇನುತುಪ್ಪ ಹಚ್ಚು ಎಂದವರು ಒಬ್ಬರು, ಈರುಳ್ಳಿ ರಸ ಹಿಂಡು ಎಂದ ಪುಣ್ಯಾತ್ಗಿತ್ತಿ ಒಬ್ಬಳು. ಅದನ್ನು ಹಿಂಡಿಸಿಕೊಂಡು ದೊಡ್ಡವ್ವ ಅರ್ಧ ದಿನ ಕುಣಿದಳು. ಸವಣೂರಿನ ಹಕೀಮರೊಬ್ಬರು ಕೊಟ್ಟ ಸುರ್ಮಾ ಹಚ್ಚಿಕೊಂಡಳು. ನಂದಿಬಟ್ಟಲು ಹೂವನ್ನು ನೀರಲ್ಲಿ ಹಾಕಿಟ್ಟು ಕಣ್ಣ ಮೇಲೆ ಇಡುವುದನ್ನು ಹೇಳಿದವರು ನಮ್ಮ ಅತ್ತೆ. ತಂಪು ಅನ್ನಿಸುತ್ತದೆ ಎಂದು ಅದೊಂದನ್ನು ಮಾತ್ರ ಅವಳು ಬಿಡಲಿಲ್ಲ. ಆಗ ಊರೂರಿಗೆ ಕಣ್ಣು ಚುಚ್ಚುವವರು ತಿರುಗುತ್ತಿದ್ದರು. ಸಂತೆಯಲ್ಲಿ ಕೂರಿಸಿ, ಸೂಜಿಯಿಂದ ಪೊರೆಯನ್ನು ಕೆಳಗೆ ನೂಕಿ, "ನೋಡು, ಕಾಣತೈತಿಲ್ಲೋ?" ಎನ್ನುತ್ತಿದ್ದರು. ಕಾಣುತ್ತಿತ್ತು! ಜನ ಅತ್ತು ಕಾಲಿಗೆ ಬೀಳುತ್ತಿದ್ದರು. ಚುಚ್ಚಿದವನು ಮುಂದಿನ ಊರಿಗೆ ಹೋದ ಮೇಲೆ ಕಣ್ಣು ಕೀವಾಗುತ್ತಿತ್ತು. ತಡಸದಲ್ಲಿ ನಮ್ಮ ಮನೆಯವರ ಸಂಬಂಧಿಕರೊಬ್ಬರು ಹಾಗೆಯೇ ಎರಡೂ ಕಣ್ಣು ಕಳೆದುಕೊಂಡಿದ್ದರು. ಅದಕ್ಕೇ ನಮ್ಮ ಮನೆಯವರು ದೊಡ್ಡವ್ವನಿಗೆ ಕೈಮುಗಿದು ಹೇಳಿದರು: "ಸಂತ್ಯಾಗಿನ ಸೂಜಿಗೆ ಮಾತ್ರ ಹೋಗಬ್ಯಾಡ್ರಿ. ಖರೇ ಡಾಕ್ಟರನ್ನ ಹುಡುಕೂಣು."

ಹುಡುಕಿದ್ದೂ ಅವರೇ. ಅಂಗಡಿಗೆ ಬರುವ ಹತ್ತೂರಿನ ಗಿರಾಕಿಗಳನ್ನೆಲ್ಲ ಕೇಳಿ ಕೇಳಿ, ಸವಣೂರಿನ ಧರ್ಮಶಾಲೆಯಲ್ಲಿ ದೊಡ್ಡ ಊರಿನ ಕಣ್ಣಿನ ಡಾಕ್ಟರೊಬ್ಬರು ಬಂದು ಕೆಲವು ದಿನ ಇರುತ್ತಾರೆ, ಬಡವರಿಗೆ ಧರ್ಮಾರ್ಥ ಮೋತಿಬಿಂದು ತೆಗೆಯುತ್ತಾರೆ ಎಂಬ ಸುದ್ದಿ ತಂದರು. ಜೊತೆಗೆ ಒಬ್ಬ ಹೆಣ್ಣುಮಗಳು ಇರಲೇಬೇಕಂತೆ. ಅತ್ತೆಗೆ ಮನಸ್ಸಿರಲಿಲ್ಲ. "ಊರ ಉಸಾಬರಿ ನಮಗ್ಯಾಕ? ಅಕಿ ಮೈದುನನ್ನ ಕರಸ್ರಿ" ಎಂದರು. ನಮ್ಮ ಮನೆಯವರು ಎಂದೂ ತಾಯಿಗೆ ಎದುರು ಮಾತಾಡಿದವರಲ್ಲ, ಅಂದು ಮಾತ್ರ "ಹೋಗಿ ಬರ್ಲಿ ಬಿಡಬೇ" ಎಂದರು. ಆ ಒಂದು ಮಾತಿಗಾಗಿ ಮುಂದೆ ಅವರ ಎಷ್ಟೋ ತಪ್ಪುಗಳನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಯುದ್ಧದ ಕಾಲ. ಪೆಟ್ರೋಲು ಇರಲಿಲ್ಲ, ಮೋಟಾರುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಏರು ಬಂದಲ್ಲಿ ಜನ ಇಳಿದು ನೂಕಬೇಕು. ದೊಡ್ಡವ್ವನಿಗೆ ಅದೇ ಸಂಭ್ರಮ. "ಏ ತಂಗಿ, ನನ್ನೂ ಇಳಸ. ಕಣ್ಣು ಹ್ವಾದ್ರೇನಾತು, ನೂಕಾಕ ಕೈ ಅದಾವು" ಎನ್ನುತ್ತಿದ್ದಳು. ದಾರಿಯುದ್ದಕ್ಕೂ ಕಣ್ಣು ಬಂದ ಮೇಲೆ ಏನೇನು ಮಾಡಬೇಕೆಂದು ಹೇಳಿಕೊಂಡಳು. ಓಣಿಯಲ್ಲಿ ಸೊಟ್ಟ ಹೊಲಿದು ಕೊಟ್ಟ ಕೌದಿಗಳನ್ನೆಲ್ಲ ವಾಪಸ್ಸು ತರಿಸಿ ಬಿಚ್ಚಿ ಹೊಲಿಯಬೇಕು, ಮನೆಗೆ ಸುಣ್ಣ ಹೊಡೆಯಬೇಕು, ನನ್ನ ಬಾಣಂತನಕ್ಕೆ ಕೌದಿ ಹೊಲಿಯಬೇಕು. ನಾನಿನ್ನೂ ಬಸಿರೂ ಆಗಿರಲಿಲ್ಲ! ಆಮೇಲೆ ದನಿ ತಗ್ಗಿಸಿ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆಯನ್ನು ಮುಟ್ಟಿಕೊಂಡು ಹೇಳಿದಳು: "ಲಿಂಗಕ್ಕ ಮಾತು ಕೊಟ್ಟೇನಿ. ಕಣ್ಣು ಬಂದ್ರ ಮೊದಲ ನೋಟ ನಿನಗ, ಉಳಿದದ್ದೆಲ್ಲ ಆಮ್ಯಾಲ ಅಂತ." ನಾನು ಆಗಲಿ ಎಂದೆ. ದೊಡ್ಡ ಮಾತು ಅಂತ ಆಗ ಅನ್ನಿಸಲೂ ಇಲ್ಲ.

ಧರ್ಮಶಾಲೆಯ ಪಡಸಾಲೆಯಲ್ಲಿ ಎರಡು ಸಾಲು ಹೊರಸುಗಳು. ಪ್ರತಿ ಹೊರಸಿನ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ತಲೆಯ ಎರಡೂ ಬದಿಗೆ ಉಸುಕಿನ ಚೀಲ ಇಟ್ಟುಕೊಂಡು ಮಲಗಿದ ಒಂದೊಂದು ಜೀವ. ತಲೆ ಅಲುಗಿಸಬಾರದು, ಕೆಮ್ಮಬಾರದು, ಅಗಿಯಬಾರದು, ಗಂಜಿಯನ್ನಷ್ಟೇ ಕುಡಿಯಬೇಕು. ಎಲ್ಲಕ್ಕಿಂತ ಮುಖ್ಯ, ಏಳಬಾರದು, ಬಗ್ಗಬಾರದು. ಏಕೆಂದರೆ ಕಣ್ಣಿನ ಗಾಯಕ್ಕೆ ಹೊಲಿಗೆ ಇರುವುದಿಲ್ಲ, ಅದು ತಾನಾಗಿ ಕೂಡಬೇಕು. ಅದನ್ನು ಕೇಳಿ ದೊಡ್ಡವ್ವ, "ಹೊಲಿಗಿ ಇಲ್ಲ? ನನ್ನ ಕೇಳಿದ್ರ ನಾ ಹಾಕಿ ಕೊಡ್ತಿದ್ನೆಲ್ಲ" ಎಂದಳು. ಡಾಕ್ಟರು ನಕ್ಕುಬಿಟ್ಟರು. ಎತ್ತರದ, ಮೆದು ಮಾತಿನ ಮನುಷ್ಯ. ಯಾರನ್ನೇ ಆಗಲಿ ತಾಯಿ, ತಂದೆ ಎಂದೇ ಕರೆಯುತ್ತಿದ್ದರು. ಕೊರಳಲ್ಲಿರುವುದನ್ನೆಲ್ಲ ತೆಗೆಯಬೇಕೆಂದು ಕಂಪೌಂಡರು ಹಟ ಹಿಡಿದಾಗ, ಜೀವ ಹೋದರೂ ಲಿಂಗ ಮೈಯಿಂದ ಅಗಲಕೂಡದು ಎಂದು ಇವಳು ಕುಳಿತುಬಿಟ್ಟಳು. "ಕೈಯೊಳಗ ಹಿಡಕೊಂಡು ಮಲಗಲಿ, ನನಗೇನು ತ್ರಾಸಿಲ್ಲ" ಎಂದರು ಡಾಕ್ಟರು.

ಮೊದಲು ಎಡಗಣ್ಣು ಮಾಡಿದರು. ನಾನು ಹೊರಗೆ ಗೋಡೆ ಹಿಡಿದು ನಿಂತಿದ್ದೆ. ಪೊರೆ ತೆಗೆದ ಕೂಡಲೇ ಡಾಕ್ಟರು ಕಣ್ಣ ಮುಂದೆ ಬೆರಳು ಹಿಡಿದು, ಎಷ್ಟು ಕಾಣುತ್ತವೆ ಎಂದು ಕೇಳುವ ರೂಢಿ ಇತ್ತಂತೆ. ಇವಳು ಕಣ್ಣನ್ನೇ ತೆರೆಯಲಿಲ್ಲವಂತೆ! ಕಣ್ಣು ಬಿಗಿಯಬೇಡ, ಗಾಯ ಒಡೆದೀತು ಎಂದು ಗದರಿಸಿ ಪಟ್ಟಿ ಕಟ್ಟಿ ಕಳಿಸಿದ್ದರು. "ಯಾಕ್ರಿ ಹಂಗ ಮಾಡಿದ್ರಿ?" ಎಂದು ನಾನು ಕೇಳಿದರೆ, "ಅಯ್ಯ, ಅವರ ಬೆರಳು ನೋಡಿದ್ರ ಮೊದಲ ನೋಟ ಬೆರಳಿಗೆ ಹೋಗತಿತ್ತಲ್ಲ" ಎಂದಳು. ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

ಆ ಮೇಲಿನ ದಿನಗಳು ಇವತ್ತಿಗೂ ನೆನಪಾದರೆ ಸುಖವೆನ್ನಿಸುತ್ತವೆ. ನಾನು ಚಮಚದಿಂದ ಗಂಜಿ ಹಾಕುತ್ತಿದ್ದೆ. ಮುಂಜಾನೆ ಅವಳ ಅಂಗೈ ಮೇಲೆ ನೀರು ಬಿಟ್ಟು, ವಿಭೂತಿ ಕೊಟ್ಟರೆ ಮಲಗಿದಲ್ಲೇ ಮುಟ್ಟಿ ಪೂಜೆ ಮುಗಿಸುತ್ತಿದ್ದಳು. ಅತ್ತೆಯ ಕಾಟವಿಲ್ಲದ ಅಷ್ಟು ದಿನ ನನ್ನ ಮದುವೆಯಾದಾಗಿನಿಂದ ಸಿಕ್ಕಿರಲಿಲ್ಲ. ಇಬ್ಬರೂ ಪಿಸುಪಿಸು ಮಾತಾಡಿ ನಗುತ್ತಿದ್ದೆವು. ಅಲುಗಬೇಡಿ ಎಂದು ಕಂಪೌಂಡರ್ ಕೂಗುತ್ತಿದ್ದ.

ಅಲ್ಲಿ ಪಟ್ಟಿ ಬಿಚ್ಚುವ ಪದ್ಧತಿ ಹೇಗೆಂದರೆ, ಡಾಕ್ಟರು ಸಾಲಾಗಿ ಬಂದು ತಾವೇ ಬಿಚ್ಚುತ್ತಿದ್ದರು. ಕಣ್ಣು ತೆರೆದವರಿಗೆ ಮೊದಲು ಕಾಣುವುದು ಅವರ ಮುಖ. ಮುದುಕರು ಅದನ್ನು ನೋಡಿ "ದೇವ್ರು ಕಂಡಂಗಾತ್ರಿ" ಎಂದು ಅಳುತ್ತಿದ್ದರು. ಪಕ್ಕದ ಹೊರಸಿನಿಂದ ಆ ಮಾತು ಕೇಳಿದ ದಿನವೇ ದೊಡ್ಡವ್ವನಿಗೆ ದಿಗಿಲು ಹತ್ತಿತು. ತನ್ನ ಪಟ್ಟಿಯನ್ನೂ ಹೀಗೆಯೇ ಬಿಚ್ಚುತ್ತಾರಲ್ಲ, ಲಿಂಗಕ್ಕೆ ಕೊಟ್ಟ ಮಾತು ಏನಾಗಬೇಕು? ಕೇಳಿ ನೋಡೋಣ ಎಂದು ನಾನು ಕಂಪೌಂಡರನ್ನು ಹಿಡಿದೆ. ಬಿಚ್ಚುವ ಹೊತ್ತಿಗೆ ಅಂಗೈಯನ್ನು ಮುಂದೆ ಹಿಡಿದುಕೊಳ್ಳಲು ಬಿಡಿ, ಅಷ್ಟೇ ಸಾಕು ಎಂದೆ. ಆತ ನಕ್ಕ. "ಸಾಹೇಬ್ರ ಮುಂದ ಇಂಥಾ ಹುಚ್ಚು ಮಾತು ಹೇಳಬ್ಯಾಡ ನೀ" ಎಂದ. ಅವನ ಬಾಯಲ್ಲಿ ಮಣ್ಣು ಬೀಳಲಿ ಎಂದು ಈ ವಯಸ್ಸಿನಲ್ಲೂ ಅನ್ನಿಸುತ್ತದೆ. ಎಂದೋ ಸತ್ತಿರುತ್ತಾನೆ, ಪಾಪ.

ಮರುದಿನವೇ ಬೆಳಕು ಹರಿಯುವ ಹೊತ್ತಿಗೆ ದೊಡ್ಡವ್ವ ನನ್ನನ್ನು ಕೂಗಿ ಎಬ್ಬಿಸಿದಳು. ನಾನು ಹೊರಸಿನ ಪಕ್ಕ ನೆಲದ ಮೇಲೆ ಮಲಗಿದ್ದೆ. ಎದ್ದು ನೋಡಿದರೆ ಪಟ್ಟಿ ಸ್ವಲ್ಪ ಸರಿದಿದೆ. "ಕಾಣತೈತಿ ತಂಗಿ... ಕಂಡಿತು! ಕರಿ ಲಿಂಗ, ಮ್ಯಾಲ ಬಿಳಿ ಪಟ್ಟಿ. ನೀರಾಗಿಂದ ನೋಡಿಧಂಗ, ಆದ್ರ ಕಂಡಿತು" ಎಂದಳು. ಪಟ್ಟಿಯನ್ನು ತಾನೇ ಎತ್ತಿ, ಅಂಗೈ ನೋಡಿ, ಮತ್ತೆ ಎಳೆದುಕೊಂಡಿದ್ದಳು. ನಾನು ಹೆದರಬೇಕಿತ್ತು. ಹೆದರಲಿಲ್ಲ. ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಸಂತೋಷದ ಅಳು ಎಂದರೆ ಏನೆಂದು ನನಗೆ ಗೊತ್ತಾದದ್ದು ಅಂದೇ.

ಮಧ್ಯಾಹ್ನಕ್ಕೆ ನೋವು ಶುರುವಾಯಿತು. ಇಳಿಹೊತ್ತಿಗೆ ಅವಳು ಹಲ್ಲು ಕಚ್ಚಿ ಹೊರಸಿನ ಅಂಚನ್ನು ಹಿಡಿದಿದ್ದಳು. ಡಾಕ್ಟರು ಬಂದು ಪಟ್ಟಿ ಬಿಚ್ಚಿದರು, ಕಣ್ಣು ರಕ್ತದ ಮುದ್ದೆಯಾಗಿತ್ತು. ಅವರು ಹತ್ತಿಯಿಂದ ಮೆಲ್ಲಗೆ ಒರೆಸಿದರು. ಆಮೇಲೆ ಕೇಳಿದರು, "ಖರೆ ಹೇಳು ತಾಯಿ. ಎದ್ದಿದ್ದೇನು? ಬಗ್ಗಿದ್ದೇನು?" ದೊಡ್ಡವ್ವ ಇಲ್ಲ ಎಂದಳು. ಮಲಗಿದಲ್ಲೇ ಪಟ್ಟಿ ಎತ್ತಿ ಲಿಂಗ ನೋಡಿದೆ, ಅಷ್ಟೇ ಎಂದಳು. ಯಾಕೆ ಎಂದು ಕೇಳಿದ್ದಕ್ಕೆ ಎಲ್ಲವನ್ನೂ ನಾನೇ ಹೇಳಿದೆ. ಅವರು ಹೊರಸಿನ ತುದಿಯಲ್ಲಿ ಕುಳಿತುಬಿಟ್ಟರು. "ನನಗೊಂದು ಮಾತು ಹೇಳಿದ್ರ ಅಂಗೈಯನ್ನ ನಾನೇ ಮುಂದ ಹಿಡಿದು ಪಟ್ಟಿ ಬಿಚ್ಚತಿದ್ದೆನಲ್ಲ ತಾಯಿ..." ಎಂದರು. ಕಂಪೌಂಡರ್ ಬಾಗಿಲ ಹತ್ತಿರ ನಿಂತು ನೆಲ ನೋಡುತ್ತಿದ್ದ.

ಆ ಕಣ್ಣು ಹೋಯಿತು. ಇನ್ನೊಂದನ್ನು ಮುಂದಿನ ವರ್ಷ ಬಂದಾಗ ಮಾಡುತ್ತೇನೆ, ಅಲ್ಲಿಯವರೆಗೆ ಯಾರಿಗೂ ಮುಟ್ಟಿಸಬೇಡ ಎಂದು ಡಾಕ್ಟರು ಹೇಳಿ ಹೋದರು. ಮುಂದಿನ ವರ್ಷ ಅವರು ಬರಲಿಲ್ಲ. ಲಡಾಯಿಗೆ ಕರೆಸಿಕೊಂಡರಂತೆ ಎಂದು ಕೇಳಿದೆವು. ಅದರ ಮುಂದಿನ ವರ್ಷವೂ ಬರಲಿಲ್ಲ. ಬಲಗಣ್ಣು ಕಾಯುತ್ತ ಕಾಯುತ್ತ, ತಲೆನೋವು ಬಂದು ಬಂದು, ಬೆಳಕು ಕತ್ತಲೆಯ ಭೇದವನ್ನೂ ಮರೆತುಬಿಟ್ಟಿತು.

ಓಣಿ ಏನು ಹೇಳಿತೆಂದು ಹೇಳಲೇ? "ಲಿಂಗ ನೋಡಾಕ ಹೋಗಿ ಕಣ್ಣ ಕಳಕೊಂಡ್ಲು" ಎಂದಿತು. ಕೆಲವರು ಭಕ್ತಿ ಎಂದರು, ಕೆಲವರು ಹುಚ್ಚು ಎಂದರು. ನಮ್ಮ ಅತ್ತೆ ಎರಡನ್ನೂ ಅಂದರು. ದೊಡ್ಡವ್ವ ಎಲ್ಲವನ್ನೂ ಕೇಳಿಸಿಕೊಂಡು ಹೂಂ ಎನ್ನುತ್ತಿದ್ದಳು.

ಕಣ್ಣಿಲ್ಲದವರಿಗೆ ಎಲ್ಲಾದರೂ ಆಸರೆ ಇದೆಯೇ ಎಂದು ನಮ್ಮ ಮನೆಯವರು ಮತ್ತೆ ಗಿರಾಕಿಗಳನ್ನು ವಿಚಾರಿಸತೊಡಗಿದರು. ಮುಂಬಯಿ ಕಡೆ ಕುರುಡರ ಶಾಲೆಗಳಿವೆ, ಚುಕ್ಕಿ ಮುಟ್ಟಿ ಓದುವುದನ್ನು ಕಲಿಸುತ್ತಾರೆ ಎಂದು ಒಬ್ಬರು ಹೇಳಿದರು. ವಿಚಾರಿಸಿದರೆ ಅಲ್ಲಿ ಸಣ್ಣ ಮಕ್ಕಳಿಗಷ್ಟೇ ಜಾಗ. ಇನ್ನೊಂದು ಕಡೆ ಅನ್ನ ಹಾಕಿ ಸಂಗೀತ ಕಲಿಸುತ್ತಾರೆ, ಆದರೆ ಗಂಡುಹುಡುಗರಿಗೆ. ಸಂಗೀತದ ಮಾತು ಕೇಳಿ ದೊಡ್ಡವ್ವ, "ನಾ ಹಾಡಿದ್ರ ಅಗಸರ ಕತ್ತಿಗೋಳು ಒದರಿಕೋತ ಬಂದು ಬಾಗಲದಾಗ ನಿಲ್ತಾವು. ಕಣ್ಣು ಹ್ವಾದವರಿಗೆಲ್ಲ ರಾಗ ಬರತೈತಂತ ಯಾರು ಹೇಳ್ಯಾರ ಇವರಿಗೆ?" ಎಂದಳು. ಐವತ್ತು ದಾಟಿದ, ಹಾಡಲು ಬಾರದ, ಬೇಡಲು ಒಲ್ಲದ ಒಬ್ಬ ಕುರುಡು ಹೆಂಗಸಿಗೆ ಅಂದಿನ ಲೋಕದಲ್ಲಿ ಎಲ್ಲೂ ಜಾಗ ಇರಲಿಲ್ಲ. ಗುಡಿಯ ಮೆಟ್ಟಿಲೊಂದನ್ನು ಬಿಟ್ಟರೆ.

ಆದರೂ ಹೇಗೋ ಕೆಲವು ಕಾಲ ನಡೆಯಿತು. ಅವಳ ಬಾಗಿಲಿನಿಂದ ಹಿತ್ತಲಿನ ಬಾವಿಯವರೆಗೆ ನಮ್ಮ ಮನೆಯವರು ಹಗ್ಗ ಕಟ್ಟಿಸಿದರು, ಅದನ್ನು ಹಿಡಿದು ನೀರಿಗೆ ಹೋಗುತ್ತಿದ್ದಳು. ಓಣಿಯ ಹೆಂಗಸರು ಹಿಟ್ಟು ಬೀಸಿ ಕೊಡುತ್ತಿದ್ದರು, ಬದಲಿಗೆ ಅವರ ಕೂಸುಗಳನ್ನು ಅವಳು ತೊಡೆಯ ಮೇಲೆ ಹಾಕಿ ಮಲಗಿಸುತ್ತಿದ್ದಳು. ನನಗೂ ಮಗಳು ಹುಟ್ಟಿದಳು, ಅವಳೂ ಆ ತೊಡೆಯ ಮೇಲೆಯೇ ಬೆಳೆದಳು. ನನ್ನ ಆ ಬಾಣಂತನಕ್ಕೆಂದು ದೊಡ್ಡವ್ವ ಹೊಲಿದ ಕೌದಿಯಲ್ಲಿ ಒಂದು ಗೆರೆಯೂ ನೆಟ್ಟಗಿರಲಿಲ್ಲ. ಅಷ್ಟು ಬೆಚ್ಚಗಿನ ಕೌದಿಯನ್ನು ನಾನು ಮತ್ತೆ ಹೊದೆಯಲಿಲ್ಲ.

ಒಂದು ದಿನ ಒಲೆಯ ಮುಂದೆ ಸೆರಗಿಗೆ ಬೆಂಕಿ ಹತ್ತಿತು. ನಾವು ಹಿತ್ತಲಿನಲ್ಲಿದ್ದೆವು, ಓಡಿ ಹೋಗಿ ಆರಿಸಿದೆವು. ತೋಳು ಸುಟ್ಟಿತ್ತು, ಜೀವ ಉಳಿಯಿತು. ಅಲ್ಲಿಗೆ ಓಣಿಯ ಹಿರಿಯರೆಲ್ಲ ಕೂಡಿ ಹಿರೇಕೆರೂರಿಗೆ ಹೇಳಿ ಕಳಿಸಿದರು. ಅವರದೂ ತಪ್ಪಲ್ಲ, ನಾಳೆ ಸತ್ತರೆ ಯಾರು ಹೊಣೆ? ಮೈದುನ ಚಕ್ಕಡಿ ಕಟ್ಟಿಕೊಂಡು ಬಂದ. ನಮ್ಮ ಮನೆಯಲ್ಲೇ ಇರಲಿ ಎಂದು ನಾನು ಬಾಯಿ ತೆರೆದೆ. ಅತ್ತೆ ನನ್ನತ್ತ ಒಮ್ಮೆ ನೋಡಿದರು. ಆ ಕಾಲದಲ್ಲಿ ಸೊಸೆಯ ಮಾತು ಅಷ್ಟಕ್ಕೇ ಮುಗಿಯುತ್ತಿತ್ತು.

ದೊಡ್ಡವ್ವ ಜಗಳ ಮಾಡಲಿಲ್ಲ. ಗೋಡೆ ಮುಟ್ಟಿಕೊಂಡು ಮನೆಯನ್ನೆಲ್ಲ ಒಂದು ಸುತ್ತು ಬಂದಳು. ಒಲೆಯನ್ನು ಮುಟ್ಟಿದಳು. ನಾನು ಅವಳ ರೆಟ್ಟೆ ಹಿಡಿದು ಚಕ್ಕಡಿ ಹತ್ತಿಸುವಾಗ ನನಗೆ ತಡೆಯಲಾಗಲಿಲ್ಲ, ಸಿಟ್ಟೇ ಬಂತು. "ಒಂದೀಟು ತಾಳಿದ್ರ ಏನಾಗತಿತ್ರಿ? ಜೀವ ಇರೂತನ ಲಿಂಗ ನೋಡಬಹುದಿತ್ತಲ್ರಿ. ಒಂದು ನೋಟದ ಸಲುವಾಗಿ ಮನಿ ಹೋತು, ಎಲ್ಲಾ ಹೋತು" ಎಂದೆ.

ಅವಳು ನನ್ನನ್ನು ಹತ್ತಿರ ಎಳೆದುಕೊಂಡಳು. ಮೈದುನ ಎತ್ತುಗಳ ಹತ್ತಿರ ನಿಂತಿದ್ದ. ಕಿವಿಯಲ್ಲಿ ಹೇಳಿದಂತೆ ಹೇಳಿದಳು:

"ಲಿಂಗ ನೋಡಿದ್ದಕ್ಕ ಏನೂ ಆಗಿರಲಿಲ್ಲ ಮಗಳ. ಮಲಗಿದಲ್ಲೇ ಅಂಗೈ ಎತ್ತಿ ನೋಡಿದ್ನಿ, ಅದಕ್ಕ ಏಳೂದು ಎಲ್ಲಿ ಬಂತು? ಪಟ್ಟಿ ಎಳಕೋಬೇಕಿತ್ತು. ಆದ್ರ ನೀ ಕೆಳಗ ಮಲಗಿದ್ದಿ. ನೀ ನಮ್ಮ ಓಣಿಗೆ ಬಂದು ಮೂರು ವರ್ಷ ಆಗಿತ್ತು, ನಿನ್ನ ದನಿ ಗೊತ್ತಿತ್ತು, ಕೈ ಗೊತ್ತಿತ್ತು, ಮಾರಿ ಹೆಂಗೈತಿ ಅಂತ ಗೊತ್ತಿರಲಿಲ್ಲ. ಎದ್ದು ಕುಂತು ಹೊರಸಿನ ಮ್ಯಾಲಿಂದ ಬಗ್ಗಿದ್ನಿ. ಬಗ್ಗಿ ಬಗ್ಗಿ ನಿನ್ನ ಮಾರಿ ಹತ್ರ ಬಂದ್ನಿ. ಅಷ್ಟೂ ಬಾಯಿ ತಕ್ಕೊಂಡು ಮಲಗಿದ್ದಿ ಹುಚ್ಚಿ... ದುಂಡ ಮಾರಿ, ದೊಡ್ಡ ಕುಂಕುಮ. ಕಣ್ಣಾಗ ಏನೋ ಹರಿಧಂಗಾತು. ಆದ್ರೂ ಇನ್ನೊಂದೀಟು ನೋಡಿದ್ನಿ."

ನಾನು ಅವಳ ಬಾಯಿ ಮುಚ್ಚಿದೆ. ಅವಳು ನನ್ನ ಕೈ ಸರಿಸಿದಳು.

"ಡಾಕ್ಟರಿಗೆ ಹೇಳಿದ್ರ ನಿನಗ ಗೊತ್ತಾಗತಿತ್ತು. ಅದಕ್ಕ ಲಿಂಗದ ಮ್ಯಾಲ ಹಾಕಿದ್ನಿ. ಅವಗೇನು, ಎಲ್ಲಾ ತಡಕೋತಾನ."

ಚಕ್ಕಡಿ ಹೊರಟಿತು. ಅವಳು ನಾನಿದ್ದ ಕಡೆಗೆ ಮುಖ ಮಾಡಿ ಕುಳಿತಿದ್ದಳು, ತುಸು ಆಚೆಗೆ... ನಾನು ಅಳುತ್ತ ಬದಿಗೆ ಸರಿದದ್ದು ಅವಳಿಗೆ ತಿಳಿದಿರಲಿಲ್ಲ. ಸ್ವಾತಂತ್ರ್ಯ ಬಂದ ವರ್ಷ ಹಿರೇಕೆರೂರಿನಲ್ಲಿ ತೀರಿಕೊಂಡಳು. ಮೈದುನನ ಮನೆಯವರು ಚೆನ್ನಾಗಿಯೇ ನೋಡಿಕೊಂಡರಂತೆ. ಸುದ್ದಿ ನಮಗೆ ಮುಟ್ಟುವ ಹೊತ್ತಿಗೆ ಮಣ್ಣೂ ಆಗಿ ಹೋಗಿತ್ತು.

ಈಗ ಕಾಲ ಬಹಳ ಮುಂದೆ ಬಂದಿದೆ. ನನ್ನ ಎರಡೂ ಕಣ್ಣಿನ ಪೊರೆ ತೆಗೆದದ್ದು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ. ಅದೇ ಸಂಜೆ ಮನೆಗೆ ನಡೆದು ಬಂದೆ. ಕಣ್ಣು ಪೂರ್ತಿ ಹೋದವರಿಗೂ ಈಗ ಶಾಲೆ ಇದೆ, ಕೆಲಸ ಕಲಿಸುವವರಿದ್ದಾರೆ, ಹೆಂಗಸರಿಗೂ ಜಾಗ ಇದೆ, ಮಾತಾಡುವ ಗಡಿಯಾರ ಕೂಡ ಇದೆ ಎಂದು ಮೊಮ್ಮಗಳು ಹೇಳುತ್ತಿರುತ್ತಾಳೆ. ಒಳ್ಳೆಯದಾಯಿತು. ಕೇಳುವಾಗ ಸಂತೋಷವೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ. ಇವೆಲ್ಲ ಒಂದಿಷ್ಟು ಬೇಗ ಬರಬಾರದಿತ್ತೇ?

ಹರೆಯದಲ್ಲಿ ನಾನು ಹೇಗಿದ್ದೆ ಎಂದು ಮೊಮ್ಮಕ್ಕಳು ಕೇಳುತ್ತಾರೆ. ಆಗಿನ ಒಂದು ಫೋಟೋ ಇಲ್ಲ. ನೋಡಿದವರಲ್ಲಿ ಒಬ್ಬರೂ ಉಳಿದಿಲ್ಲ. ಎಲ್ಲರ ಹಾಗೇ ಇದ್ದೆ ಎಂದು ಹೇಳಿ ಸುಮ್ಮನಾಗುತ್ತೇನೆ. ಎಲ್ಲರ ಹಾಗೇ ಇದ್ದದ್ದು ನಿಜ. ಕಣ್ಣು ಕೊಟ್ಟು ನೋಡುವಂಥ ಮುಖವಲ್ಲ ಅದು, ದೊಡ್ಡವ್ವ. ನಿನ್ನಾಣೆ, ಅಲ್ಲ.